ಟಿವಿ ಉತ್ತರ ಕೊಡುತ್ತಿಲ್ಲವೇ? ಮೊದಲು ಕೇಬಲ್ ನೋಡಿ

ಸುಂಟಿಕೊಪ್ಪದ ಅಣ್ಣ ಕೇಳಿದ್ದು ಒಳ್ಳೆಯ ಪ್ರಶ್ನೆ, ಉತ್ತರ ಸ್ವಲ್ಪ ಉದ್ದ ಆಗುತ್ತದೆ. ಹೋಂಸ್ಟೇ ಊಟದ ಹಾಲ್‌ನಲ್ಲಿ ಎಲ್‌ಜಿ ಟಿವಿ ಎತ್ತರದಲ್ಲಿದೆ. ಆಫೀಸ್ ಲ್ಯಾಪ್‌ಟಾಪ್‌ನಿಂದಲೇ ಅದನ್ನು ಆನ್ ಮಾಡಿ ಚಾನೆಲ್ ಬದಲಿಸಬೇಕು ಅಂತ ಟಿವಿ ಹಿಂಬದಿಯ ಸೀರಿಯಲ್ ಪೋರ್ಟ್‌ಗೆ (ಕಮಾಂಡ್ ಕಳಿಸುವ, ಆರ್‌ಎಸ್-232 ಅನ್ನುವ ಒಂಬತ್ತು ಪಿನ್ನಿನ ಪೋರ್ಟ್) ಯುಎಸ್‌ಬಿ ಅಡಾಪ್ಟರ್ ಮೂಲಕ ಕೇಬಲ್ ಹಾಕಿದ್ದಾರೆ. ಕಮಾಂಡ್ ಕಳಿಸಿದರೆ ಏನೂ ಆಗುತ್ತಿಲ್ಲ.

ಅಣ್ಣ, ಕಮಾಂಡ್ ಕಳಿಸಿದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಏನು ಬಂತು ಅಂತ ನೀವು ಬರೆದಿಲ್ಲ. ಅದೇ ಮುಖ್ಯ. ಈ ಟಿವಿಗಳು ಕಮಾಂಡ್‌ಗೆ ಉತ್ತರ ಕೊಡುತ್ತವೆ. 'ಓಕೆ' ಬಂದರೆ ಕೆಲಸ ಆಯಿತು. 'ಎನ್‌ಜಿ' ಬಂದರೆ ಮಾತು ತಲುಪಿದೆ, ಆದರೆ ಅಂಕಿ ತಪ್ಪಿದೆ ಅಥವಾ ನಿಮ್ಮ ಮಾಡೆಲ್‌ನಲ್ಲಿ ಆ ಕಮಾಂಡ್ ಇಲ್ಲ. ಏನೂ ಬರದಿದ್ದರೆ ಮಾತೇ ತಲುಪಿಲ್ಲ. ಆಗ ಕಮಾಂಡ್ ತಿದ್ದುತ್ತಾ ಕೂರಬೇಡಿ, ಕೇಬಲ್ ನೋಡಿ.

ಟಿವಿ ಕಡೆಯ ತುದಿ ಬಿಚ್ಚಿ. ಒಂಬತ್ತು ಪಿನ್ನಿನ ಕನೆಕ್ಟರ್‌ನಲ್ಲಿ 2 ಮತ್ತು 3ನೇ ಪಿನ್ನಿಗೆ ಸಣ್ಣ ತಂತಿ ಜೋಡಿಸಿ. ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಕಳಿಸುವ 'ಪುಟ್ಟಿ' (PuTTY) ಪ್ರೋಗ್ರಾಂ ತೆರೆದು ಲೋಕಲ್ ಎಕೋ (ಟೈಪ್ ಮಾಡಿದ್ದನ್ನು ಪ್ರೋಗ್ರಾಂ ತಾನೇ ತೋರಿಸುವುದು) ಆಫ್ ಮಾಡಿ ಏನಾದರೂ ಟೈಪ್ ಮಾಡಿ. ಅಕ್ಷರ ವಾಪಸ್ ಬಂದರೆ ಅಡಾಪ್ಟರ್ ಕೆಲಸ ಮಾಡುತ್ತಿದೆ, 2 ಮತ್ತು 3ರ ತಂತಿ ತುಂಡಾಗಿಲ್ಲ. ಆದರೂ ಟಿವಿ ಸುಮ್ಮನಿದ್ದರೆ ನಿಮ್ಮದು ನೇರ ಕೇಬಲ್ ಇರಬಹುದು. ಇದಕ್ಕೆ ಕ್ರಾಸ್ ಕೇಬಲ್ ಬೇಕು: 2ರಿಂದ 3ಕ್ಕೆ, 3ರಿಂದ 2ಕ್ಕೆ, 5ರಿಂದ 5ಕ್ಕೆ. ಈ ಪರೀಕ್ಷೆಯಲ್ಲಿ ನೇರ ಕೇಬಲ್ ಕೂಡ ಪಾಸ್ ಆಗುತ್ತದೆ, ಅದಕ್ಕೇ ಜಾಸ್ತಿ ಜನ ಇಲ್ಲಿ ಮೋಸ ಹೋಗುತ್ತಾರೆ. ಇನ್ನೊಂದು, ಆರ್ಡುಯಿನೋ (ಪ್ರೋಗ್ರಾಂ ಹಾಕಬಹುದಾದ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್) ಜೊತೆ ಬಳಸುವ ಬರೀ 5 ವೋಲ್ಟಿನ ಯುಎಸ್‌ಬಿ ಬೋರ್ಡ್ ಇಲ್ಲಿ ನಡೆಯುವುದಿಲ್ಲ. ಆರ್‌ಎಸ್-232ರಲ್ಲಿ ಪ್ಲಸ್, ಮೈನಸ್ ಎರಡೂ ವೋಲ್ಟೇಜ್ ಇರುತ್ತದೆ, ಆ ಬೋರ್ಡ್ ಸುಟ್ಟು ಹೋಗಬಹುದು.

ಪುಟ್ಟಿಯ ಸೆಟ್ಟಿಂಗ್ ಸುಲಭ: ಸ್ಪೀಡ್ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಆಫ್. ಆನ್ ಮಾಡಲು ಇಂಗ್ಲಿಷಿನ ಕೆ, ಎ ಅಕ್ಷರ, ಜಾಗ ಬಿಟ್ಟು 01, ಮತ್ತೆ ಜಾಗ ಬಿಟ್ಟು 01 (ka 01 01), ಕೊನೆಗೆ ಎಂಟರ್. ಮೊದಲ 01 ಸೆಟ್ ಐಡಿ, ಅಂದರೆ ಟಿವಿಯ ನಂಬರ್, ಟಿವಿ ಮೆನುವಿನಲ್ಲಿ ಇರುವುದಕ್ಕೆ ಹೊಂದಬೇಕು; ಎರಡನೇ 01 ಅಂದರೆ ಆನ್. ವಾಲ್ಯೂಮ್‌ಗೆ ಕೆ, ಎಫ್. ಅಂಕಿಗಳು ಹೆಕ್ಸ್‌ನಲ್ಲಿರುತ್ತವೆ (ಹತ್ತರ ಬದಲು ಹದಿನಾರರ ಲೆಕ್ಕ), ನೆನಪಿಡಿ. ವಾಲ್ಯೂಮ್ 20 ಬೇಕಾದರೆ 14 ಕಳಿಸಬೇಕು. 20 ಅಂತಲೇ ಕಳಿಸಿದರೆ 32 ಆಗಿ ಊಟಕ್ಕೆ ಕೂತವರೆಲ್ಲ ಬೆಚ್ಚಿ ಬೀಳುತ್ತಾರೆ. ಒಂದಕ್ಕೆ ಉತ್ತರ ಬಂದ ಮೇಲೆ ಇನ್ನೊಂದು ಕಳಿಸಿ.

ಈಗ ಚಾನೆಲ್ ವಿಷಯ. ಎಮ್, ಎ ಕಮಾಂಡ್ ಬದಲಿಸುವುದು ಟಿವಿಯ ಒಳಗೇ ಚಾನೆಲ್ ಹಿಡಿಯುವ ಟ್ಯೂನರನ್ನು ಮಾತ್ರ. ನಿಮ್ಮ ಚಾನೆಲ್‌ಗಳು ಬರುವುದು ಡಿಶ್ ಬಾಕ್ಸಿನಿಂದ ಎಚ್‌ಡಿಎಂಐ ಮೂಲಕ, ಅಲ್ವಾ? ಹಾಗಾದರೆ ಆ ಟ್ಯೂನರ್‌ಗೆ ಕೆಲಸವೇ ಇಲ್ಲ. ಬಾಕ್ಸಿಗೆ ರಿಮೋಟಿನ ಬೆಳಕೇ ಬೇಕು. ಒಂದು ಆರ್ಡುಯಿನೋ, ಒಂದು ಇನ್‌ಫ್ರಾರೆಡ್ ಎಲ್‌ಇಡಿ, 220 ಓಮ್ ರೆಸಿಸ್ಟರ್, ರಿಮೋಟಿನ ಕೋಡ್ ಓದಲು 38 ಕಿಲೋಹರ್ಟ್ಸ್ ರಿಸೀವರ್ ತನ್ನಿ. ರಿಮೋಟಿನ ಒಂದೊಂದು ಗುಂಡಿಯ ಕೋಡ್ ಓದಿ ಬರೆದಿಟ್ಟುಕೊಳ್ಳಿ. ಆಮೇಲೆ ಎಲ್‌ಇಡಿಯನ್ನು ಬಾಕ್ಸಿನ ಕಣ್ಣಿನ ಎದುರೇ ಅಂಟಿಸಿ, ಮೇಲೆ ಕಪ್ಪು ಟೇಪ್ ಸುತ್ತಿ. ಆರ್ಡುಯಿನೋಗೆ ಸೀರಿಯಲ್‌ನಲ್ಲಿ ಚಾನೆಲ್ ನಂಬರ್, ಉದಾಹರಣೆಗೆ '117' ಅಂತ ಕಳಿಸಿದರೆ ಅದು ಮೂರು ಗುಂಡಿ ಒತ್ತಿದ ಹಾಗೆ ಮಿನುಗಬೇಕು. ಒಂದೊಂದು ಅಂಕಿಯ ನಡುವೆ ಕಾಲು ಸೆಕೆಂಡ್ ಬಿಡಿ, ಇಲ್ಲದಿದ್ದರೆ ಬಾಕ್ಸ್ ಅಂಕಿ ನುಂಗುತ್ತದೆ. ಬಾಕ್ಸಿನಿಂದ 'ಓಕೆ' ಬರುವುದಿಲ್ಲ, ಚಾನೆಲ್ ಬದಲಾಯಿತಾ ಅಂತ ಕಣ್ಣಲ್ಲೇ ನೋಡಬೇಕು.

ಆಫೀಸಿನಿಂದ ಹಾಲ್‌ವರೆಗೆ ಉದ್ದ ತಂತಿ ಎಳೆಯಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಸಿದ್ದಾಪುರದ ನಮ್ಮ ತೋಟದ ಮನೆಯಲ್ಲಿ ನಾನು ಎಳೆದಿದ್ದೆ. ಕಾಫಿ ಹೂ ಅರಳಿಸುವ ಹೂ ಮಳೆಯ ಗುಡುಗು ಶುರುವಾದ ಸಂಜೆ ಹತ್ತಿರದಲ್ಲೇ ಸಿಡಿಲು ಬಡಿಯಿತು. ಅಡಾಪ್ಟರ್ ಹೋಯಿತು, ಲ್ಯಾಪ್‌ಟಾಪಿನ ಯುಎಸ್‌ಬಿಯೂ ಹೋಯಿತು. ಈಗ ಟಿವಿ ಹಿಂದೆಯೇ ರಾಸ್ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಇಟ್ಟಿದ್ದೇನೆ. ಸೀರಿಯಲ್ ತಂತಿ ಒಂದು ಅಡಿ, ಆಫೀಸಿನಿಂದ ವೈಫೈ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕನೆಕ್ಟರ್ ಪಿನ್ ಹಸಿರು ಕಟ್ಟುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ಒರೆಸಿ.

ಇವತ್ತು 2 ಮತ್ತು 3 ಜೋಡಿಸಿ ನೋಡಿ, ಏನು ಬಂತು ಅಂತ ಇಲ್ಲೇ ಬರೆಯಿರಿ. ಕೇಬಲ್ ಸರಿಯಾದ ಮೇಲೆ ನನ್ನ ಆರ್ಡುಯಿನೋ ಪ್ರೋಗ್ರಾಂ ಹಾಕುತ್ತೇನೆ.