ಗಿಡ ಇರೋ ಅಕ್ವೇರಿಯಂಗೆ ಮನೇಲೇ ಎಲ್‌ಇಡಿ ಲೈಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಲ ನೀರೊಳಗಿನ ಗಿಡಗಳ ಬಗ್ಗೆ ಬರೆದ್ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಲೈಟಿನ ಬಗ್ಗೇನೇ ಇದ್ವು, ಅದಕ್ಕೆ ಈ ಸಲ ಬರೀ ಅದೇ.

ಚಿಂತಾಮಣಿಯಿಂದ: ನಂದು ಎರಡಡಿ ಟ್ಯಾಂಕು, 24 ಇಂಚು ಉದ್ದ, 12 ಅಗಲ, 15 ಎತ್ತರ. ಬೆಂಗಳೂರಿನ ಎಸ್.ಪಿ. ರೋಡಿಂದ 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ ತಂದು ಪ್ಲೈವುಡ್ ಮುಚ್ಚಳದ ಒಳಗಡೆ ಐದು ಸಾಲು ಅಂಟಿಸಿದ್ದೆ. ಮೊದ್ಲು ಕಣ್ಣು ಕುಕ್ಕೋ ಹಾಗಿತ್ತು, ಈಗ ಎರಡು ತಿಂಗಳಿಗೇ ಮಂಕಾಗಿದೆ. ಜಾವಾ ಫರ್ನ್ ಎಲೆ ಅಂಚಿಗೆಲ್ಲ ಕೂದಲು ಥರ ಪಾಚಿ ಹಿಡಿದಿದೆ. ಇನ್ನೆರಡು ಸಾಲು ಸೇರಿಸ್ಲಾ?

ದಯವಿಟ್ಟು ಸೇರಿಸ್ಬೇಡಿ, ಇರೋದ್ರಲ್ಲೇ ಮೂರು ಸಾಲು ಕಿತ್ತುಬಿಡಿ. ನಿಮ್ಮ ಟ್ಯಾಂಕು ಲೆಕ್ಕಕ್ಕೆ 70 ಲೀಟರ್, ಮಣ್ಣು ಕಲ್ಲು ಕಳೆದ್ರೆ 60 ಲೀಟರ್ ನೀರು ಅಂತಿಟ್ಕೊಳ್ಳಿ. ಮೀಟರಿಗೆ 60 ಎಲ್‌ಇಡಿ ಇರೋ 5050 ಸ್ಟ್ರಿಪ್ಪು (ಒಂದೊಂದು ಎಲ್‌ಇಡಿ 5 ಮಿ.ಮೀ. ಚೌಕ ಅಂತ ಆ ಹೆಸರು) ಮೀಟರಿಗೆ 14.4 ವ್ಯಾಟ್ ತಗೊಂಡು ಸುಮಾರು 1000 ಲ್ಯೂಮೆನ್ (ಬೆಳಕಿನ ಅಳತೆ) ಕೊಡುತ್ತೆ, ಎರಡಡಿಗೆ 600 ಆಯ್ತು, ಐದು ಸಾಲಿಗೆ 3000, ಅಂದ್ರೆ ಲೀಟರಿಗೆ 50 ಲ್ಯೂಮೆನ್. ಅಷ್ಟು ಬೆಳಕು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಟ್ಟು ಗೊಬ್ಬರ ಹಾಕೋರ ಟ್ಯಾಂಕಿಗೆ. ಜಾವಾ ಫರ್ನು, ಅನೂಬಿಯಾಸು ನಿಧಾನಕ್ಕೆ ಬೆಳೆಯೋ ಗಿಡಗಳು, ಅವಕ್ಕೆ ಲೀಟರಿಗೆ 15-20 ಧಾರಾಳವಾಗಿ ಸಾಕು. ಮಿಕ್ಕಿದ ಬೆಳಕನ್ನ ಗಿಡ ಉಪಯೋಗಿಸಲ್ಲ, ಪಾಚಿ ಉಪಯೋಗಿಸುತ್ತೆ. ನಮ್ಮ ಕಣ್ಣಿಗೆ ಚೆನ್ನಾಗಿ ಕಾಣೋ ಅಷ್ಟು ಬೆಳಕೇ ಗಿಡಕ್ಕೂ ಬೇಕು ಅಂದ್ಕೊಂಡು ಟ್ಯಾಂಕ್ ಹಾಳು ಮಾಡ್ಕೊಂಡೋರನ್ನ ತುಂಬಾ ನೋಡಿದೀನಿ, ಅದಕ್ಕೇ ಒತ್ತಿ ಹೇಳ್ತಿರೋದು, ಕಮ್ಮಿಯಿಂದ ಶುರು ಮಾಡಿ, ಬೇಕಾದ್ರೆ ತಿಂಗಳಾದ್ಮೇಲೆ ಒಂದು ಸಾಲು ಸೇರಿಸಿ.

ಇನ್ನು ಮಂಕಾಗಿದ್ದು ಯಾಕೆ ಅಂದ್ರೆ ಪ್ಲೈವುಡ್. ಮರ ಬಿಸಿ ಎಳ್ಕೊಳ್ಳಲ್ಲ, ಎಲ್‌ಇಡಿ ತನ್ನ ಬಿಸೀಲಿ ತಾನೇ ಬೆಂದು ಬೆಳಕು ಕಳ್ಕೊಳ್ಳುತ್ತೆ. ಅಲ್ಯೂಮಿನಿಯಂ ಕಿಟಕಿ ಕೆಲಸ ಮಾಡೋರ ಹತ್ರ ಕಟ್ ಮಾಡಿ ಮಿಕ್ಕಿದ ಚಾನಲ್ ತುಂಡು ಸಿಗುತ್ತೆ, ಅದನ್ನ ಥಿನ್ನರಲ್ಲಿ ಒರೆಸಿ ಅದರ ಮೇಲೆ ಅಂಟಿಸಿ. ಒಂದು ಗಂಟೆ ಉರಿಸಿ ಚಾನಲ್ ಬೆನ್ನಿಗೆ ಬೆರಳಿಟ್ಟು ನೋಡಿ, ಐದು ಸೆಕೆಂಡ್ ಇಡೋಕಾದ್ರೆ ಸರಿ, ಚುರ್ ಅಂದು ಕೈ ತೆಗೀಬೇಕು ಅನ್ಸಿದ್ರೆ ಚಾನಲ್ ಸಾಲ್ದು ಅಂತ ಅರ್ಥ.

ಹಳೇ ಸ್ಟ್ರಿಪ್ ಕಿತ್ತಾಗ ಕಟ್ ಮಾಡಿರೋ ತುದೀನ ಹತ್ರದಿಂದ ನೋಡಿ. ವೈರ್ ಬೆಸುಗೆ ಹಾಕಿರೋ ಜಾಗದಲ್ಲಿ ತಾಮ್ರದ ಚೊಂಬಿಗೆ ಹಿಡಿಯೋ ಥರ ಹಸಿರು ಕಿಲುಬು ಹಿಡಿದಿರಬಹುದು. ನಂದೂ ಮೊದಲ ಲೈಟಲ್ಲಿ ಹಾಗೇ ಆಗಿತ್ತು, ಮುಚ್ಚಳದ ಒಳಗೆ ಕಟ್ಟಿದ ನೀರು ಆ ಕಿಲುಬಿನ ಮೇಲೆ ಹರಿದು ತೊಟ್ಟಿಕ್ತಾ ಇತ್ತು, ನಾನು ಗಮನಿಸೋ ಅಷ್ಟರಲ್ಲಿ ಸೀಗಡಿಗಳು ಒಂದೂ ಉಳೀಲಿಲ್ಲ. ಸೀಗಡಿಗೂ ಬಸವನಹುಳಕ್ಕೂ ತಾಮ್ರ ಅಂದ್ರೆ ವಿಷ. ಆ ಬೇಜಾರು ಇವತ್ತಿಗೂ ಇದೆ. ಬೆಸುಗೆ ಜಾಗಕ್ಕೆಲ್ಲ ಸಿಲಿಕೋನ್ ಅಂಟು ಬಳೀರಿ, ನೀರಿಗೂ ಲೈಟಿಗೂ ಮಧ್ಯ ಒಂದು ಗಾಜು ಇಡಿ. ಆದ್ರೆ ನಮ್ಮ ಕಡೆ ಬೋರ್ ನೀರು ಗಡಸು, ಹನಿ ಹಾರಿ ಒಣಗಿದ್ರೆ ಆ ಗಾಜಿನ ಮೇಲೆ ಬಿಳೀ ಪೊರೆ ಕಟ್ಟಿ ಬೆಳಕು ತಡೆಯುತ್ತೆ, ವಾರಕ್ಕೊಂದ್ಸಲ ನಿಂಬೆಹಣ್ಣಿನ ಹೋಳಲ್ಲಿ ಉಜ್ಜಿ ತೊಳೀರಿ.

ಶಿಡ್ಲಘಟ್ಟದಿಂದ: 1 ವ್ಯಾಟ್ ಎಲ್‌ಇಡಿ 12 ತಂದು ಮೂರು ಮೂರು ಸೀರೀಸ್ ಮಾಡಿ 12 ವೋಲ್ಟ್ ಅಡಾಪ್ಟರಿಗೆ ಕೊಟ್ಟೆ, ಒಂದು ನಿಮಿಷಾನೂ ಉರೀಲಿಲ್ಲ, ಎಲ್ಲ ಸುಟ್ಟು ಹೋಯ್ತು. ಮಾಲು ಡೂಪ್ಲಿಕೇಟಾ?

ಮಾಲಿನ ತಪ್ಪಲ್ಲ. ಬಿಳೀ ಎಲ್‌ಇಡಿ ಒಂದಕ್ಕೆ ಸುಮಾರು 3.2 ವೋಲ್ಟ್ ಬೇಕು, ನೀವು 4 ವೋಲ್ಟ್ ಕೊಟ್ರಿ. 0.8 ತಾನೇ ಜಾಸ್ತಿ ಅನ್ಸುತ್ತೆ, ಆದ್ರೆ ಎಲ್‌ಇಡಿ ಬಲ್ಬಿನ ಥರ ಅಲ್ಲ, ವೋಲ್ಟ್ ಚೂರು ಏರಿದ್ರೂ ಕರೆಂಟ್ ಎಷ್ಟೋ ಪಟ್ಟು ನುಗ್ಗುತ್ತೆ, ಬಿಸಿ ಆದಷ್ಟೂ ಅದು ಕೇಳೋ ವೋಲ್ಟ್ ಇಳಿಯುತ್ತೆ, ಆಗ ಇನ್ನೂ ಕರೆಂಟ್, ಇನ್ನೂ ಬಿಸಿ, ಕೊನೆಗೆ ಸುಡೋದೇ. ಮೂರರ ಸಾಲಿಗೆ 10 ಓಮ್, 2 ವ್ಯಾಟಿನ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡೋ ಬಿಡಿಭಾಗ) ಒಂದೊಂದು ಹಾಕಿದ್ರೆ 240 ಮಿಲಿಆಂಪ್ ಆಸುಪಾಸಲ್ಲಿ ನಿಲ್ಲುತ್ತೆ. ಇದಕ್ಕಿಂತ ಒಳ್ಳೇದು ಹತ್ತು ಎಲ್‌ಇಡೀನ ಒಂದೇ ಸೀರೀಸ್ ಮಾಡಿ 300 ಮಿಲಿಆಂಪಿನ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್, ಅಂದ್ರೆ ಕರೆಂಟ್ ಏರದ ಹಾಗೆ ಒಂದೇ ಮಟ್ಟದಲ್ಲಿ ಇಡೋ ಸಾಧನ, ಹಾಕೋದು. ಆ ಡ್ರೈವರನ್ನ ಟ್ಯಾಂಕ್ ಮೇಲೆ ಇಡ್ಬೇಡಿ, ಗೋಡೆಗೆ ಎತ್ತರದಲ್ಲಿ ಡಬ್ಬಿ ಒಳಗೆ ಇರ್ಲಿ. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲಕ್ಕೆ ಹೋಗೋ ಹಾಗೆ ಬಿಡಿ, ವೈರ್ ಹಿಡ್ಕೊಂಡು ಬಂದ ನೀರು ಆ ಜೋಲಲ್ಲೇ ತೊಟ್ಟಿಕ್ಕಿ ಬೀಳುತ್ತೆ, ಪ್ಲಗ್ಗಿಗೆ ಹೋಗಲ್ಲ. ಮನೇಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯೋ ಸ್ವಿಚ್ಚು) ಇಲ್ದೇ ಇದ್ರೆ ಲೈಟಿಗಿಂತ ಮೊದ್ಲು ಅದನ್ನ ಹಾಕಿಸಿ, ಮಕ್ಕಳು ಕೈ ಹಾಕೋ ನೀರು ಅದು.

ಬಾಗೇಪಲ್ಲಿಯಿಂದ: ನೇರಳೆ ಬಣ್ಣದ ಗ್ರೋ ಲೈಟೇ ಬೇಕಾ?

ಬೇಡ. 6500 ಕೆಲ್ವಿನ್, ಅಂದ್ರೆ ಹಗಲು ಬೆಳಕಿನ ಥರದ, ಬಿಳೀ ಎಲ್‌ಇಡೀಲೇ ಗಿಡಕ್ಕೆ ಬೇಕಾದ ನೀಲಿ, ಕೆಂಪು ಎರಡೂ ಇರುತ್ತೆ. ಕೆಂಪು ಸ್ವಲ್ಪ ಜಾಸ್ತಿ ಬೇಕು ಅನ್ಸಿದ್ರೆ ನಾಲ್ಕಕ್ಕೊಂದು ವಾರ್ಮ್ ವೈಟ್ (ಹಳದಿ ಛಾಯೆಯ ಬಿಳಿ) ಸೇರಿಸಿ, ಮೀನಿನ ಬಣ್ಣಾನೂ ಚೆನ್ನಾಗಿ ಕಾಣುತ್ತೆ.

ಗೌರಿಬಿದನೂರಿಂದ: ಹಗಲೆಲ್ಲ ಕರೆಂಟ್ ಇರಲ್ಲ, ಅದಕ್ಕೆ ರಾತ್ರಿ ಒಂದು ಗಂಟೆ ತನಕ ಲೈಟ್ ಹಾಕಿ ಸರಿದೂಗಿಸ್ತೀನಿ. ಇಲ್ಲಾಂದ್ರೆ ಇನ್ವರ್ಟರ್ ಬ್ಯಾಟರಿಗೆ ಸ್ಟ್ರಿಪ್ ನೇರ ಕೊಡಬಹುದಾ?

ನಮ್ಮ ಜಿಲ್ಲೇಲಿ ಸೇವಂತಿಗೆ ತೋಟಕ್ಕೆ ರಾತ್ರಿ ಸಾಲು ಸಾಲು ಬಲ್ಬ್ ಉರಿಸ್ತಾರಲ್ಲ, ನೋಡಿರ್ತೀರ. ಸೇವಂತಿಗೆಗೆ ಉದ್ದ ರಾತ್ರಿ ಸಿಕ್ರೆ ಮೊಗ್ಗು ಬಿಡುತ್ತೆ, ಬಲ್ಬ್ ಹಾಕಿ ರಾತ್ರೀನ ಒಡೆದ್ರೆ ಹೂವಿಗೆ ಹೋಗ್ದೇ ಗಿಡ ಬೆಳೀತಾ ಇರುತ್ತೆ. ಕತ್ತಲನ್ನೂ ಗಿಡ ಲೆಕ್ಕ ಇಡುತ್ತೆ ಅನ್ನೋದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ನೀರೊಳಗಿನ ಗಿಡಕ್ಕೂ ಮೀನಿಗೂ ನಿಯಮವಾಗಿ ಕತ್ತಲು ಬೇಕು. ಟೈಮರ್ ಹಾಕಿ ಸಂಜೆ 4ರಿಂದ 10, ಆರು ಗಂಟೆ ಸಾಕು, ಒಂದು ದಿನ ಕರೆಂಟ್ ಹೋಗಿ ಎರಡೇ ಗಂಟೆ ಸಿಕ್ರೂ ಗಿಡಕ್ಕೆ ಏನೂ ಆಗಲ್ಲ, ಸರಿದೂಗಿಸೋಕೆ ಹೋಗ್ಬೇಡಿ. ಗಿಡ ಸೊಂಪಾಗಿದೆ ಅಂತ ಹೇಗೆ ಗೊತ್ತಾಗುತ್ತೆ ಅಂದ್ರೆ, ಲೈಟ್ ಹಾಕಿ ಮೂರು ನಾಲ್ಕು ಗಂಟೆ ಆದ್ಮೇಲೆ ಹುಲ್ಲಿನ ಥರ ಉದ್ದ ಎಲೆ ಬಿಡೋ ವ್ಯಾಲಿಸ್ನೇರಿಯಾ ಗಿಡದ ಎಲೆ ಹತ್ರ ಕಣ್ಣಿಟ್ಟು ನೋಡಿ, ಒಂದೊಂದ್ಸಲ ಎಲೆ ಅಂಚಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆ ಸಾಲಾಗಿ ಕೂತಿರುತ್ತೆ, ಒಂದೊಂದೇ ಬಿಟ್ಕೊಂಡು ಮೇಲಕ್ಕೆ ಹೋಗುತ್ತೆ. ಗಿಡ ಬಿಡೋ ಆಮ್ಲಜನಕ ಅದು.

ಬ್ಯಾಟರಿಗೆ ನೇರ ಬೇಡ. ಚಾರ್ಜ್ ಆಗ್ತಿರೋವಾಗ 12 ವೋಲ್ಟಿನ ಬ್ಯಾಟರಿ 14 ದಾಟುತ್ತೆ, ಆಗ ಸ್ಟ್ರಿಪ್ಪಲ್ಲಿ ಹರಿಯೋ ಕರೆಂಟ್ ಒಂದೂವರೆ ಪಟ್ಟಿಗೂ ಮೇಲೆ ಹೋಗುತ್ತೆ. ಅದೂ ಅಲ್ದೆ ಕರೆಂಟ್ ಹೋದಾಗ ಬೆಳಕಿಗಿಂತ ಮೊದ್ಲು ಉಸಿರು ಕಟ್ಟೋದು ಮೀನಿಗೆ, ಅದರಲ್ಲೂ ಬೇಸಿಗೇಲಿ ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ ಇರುತ್ತೆ. ಇನ್ವರ್ಟರ್ ಲೈನಲ್ಲಿ ಒಂದೇ ಪಾಯಿಂಟ್ ಇದ್ರೆ ಅದನ್ನ ಏರ್ ಪಂಪಿಗೆ ಕೊಡಿ.