ಟ್ವಿನ್ ಪೀಕ್ಸ್: ನಡುವಿನ ಸಿನಿಮಾ, ಕತ್ತರಿಸಿದ ದೃಶ್ಯಗಳು ನೋಡದೆ ಮೂರನೇ ಸೀಸನ್‌ಗೆ ಹೋಗಬಹುದಾ?

ಲಾರಾ ಪಾಮರ್ ಎಂಬ ಹುಡುಗಿಯ ಕೊಲೆಯ ಸುತ್ತ ನಡೆಯುವ ಅಮೆರಿಕದ 'ಟ್ವಿನ್ ಪೀಕ್ಸ್' ಸೀರಿಯಲ್‌ನ ಹಳೆಯ ಎರಡು ಸೀಸನ್ ಮುಗಿಸಿದ್ದೀರಿ. ಇನ್ನು ನೇರವಾಗಿ 2017ರ ಸೀಸನ್ ನೋಡಬಹುದಾ, ನಡುವೆ ಬಂದ ಸಿನಿಮಾ ಮತ್ತು ಅದರಿಂದ ಕತ್ತರಿಸಿದ ದೃಶ್ಯಗಳ 'ಮಿಸ್ಸಿಂಗ್ ಪೀಸಸ್' ಬೇಕೇ ಬೇಕಾ ಅಂತ ಕೇಳಿದ್ದೀರಿ. ಬೇಕು. ಸಿನಿಮಾವನ್ನಂತೂ ದಯವಿಟ್ಟು ಬಿಡಬೇಡಿ. ಕೊಲೆಗಾರ ಯಾರೆಂದು ನಿಮಗೆ ಗೊತ್ತಿರುವುದರಿಂದ ಮುಚ್ಚಿಡದೆ ಬರೆಯುತ್ತೇನೆ. ಸೀರಿಯಲ್ ನೋಡದವರು ಇಲ್ಲಿಗೇ ನಿಲ್ಲಿಸಿಬಿಡಿ.

1991ರ ಜೂನ್‌ನಲ್ಲಿ ಸೀರಿಯಲ್ ನಿಂತಾಗ ಕೊಲೆಯ ತನಿಖೆಗೆ ಬಂದ ಎಫ್‌ಬಿಐ ಏಜೆಂಟ್ ಕೂಪರ್ ಕನ್ನಡಿಗೆ ತಲೆ ಚಚ್ಚಿಕೊಂಡು ನಗುತ್ತಿದ್ದ. ಅಲ್ಲಿಗೆ ಕಟ್. ಮುಂದೇನಾಯಿತು ಅಂತ ಜನ ಕಾದು ಕೂತಿದ್ದರು. ಮರುವರ್ಷವೇ ಸೀರಿಯಲ್ ಸೃಷ್ಟಿಸಿದವರಲ್ಲಿ ಒಬ್ಬರಾದ ಡೇವಿಡ್ ಲಿಂಚ್ 'ಫೈರ್ ವಾಕ್ ವಿತ್ ಮಿ' ತಂದರು. ಆದರೆ ಅದು ಮುಂದಿನ ಕಥೆ ಅಲ್ಲ, ಹಿಂದಿನದು. ಲಾರಾ ಪಾಮರ್ ಬದುಕಿದ್ದ ಕೊನೆಯ ವಾರ. ಕೂಪರ್ ಪಾತ್ರ ಚಿಕ್ಕದಾಗಿತ್ತು. ಹೋಟೆಲ್ ಮಾಲೀಕನ ಮಗಳು ಆಡ್ರಿ ಇಲ್ಲವೇ ಇಲ್ಲ. ಲಾರಾಳ ಗೆಳತಿ ಡೋನಾ ಪಾತ್ರಕ್ಕೆ ಬೇರೆ ನಟಿ. ಅಮೆರಿಕದಲ್ಲಿ ಸಿನಿಮಾ ಮಕಾಡೆ ಮಲಗಿತು. ಟೈಟಲ್ ಕಾರ್ಡ್‌ಗಳು ಮುಗಿಯುತ್ತಿದ್ದಂತೆ ತೆರೆಯ ಮೇಲೆ ಒಂದು ಟಿವಿ ಸೆಟ್ ಏಟು ತಿಂದು ಪುಡಿಪುಡಿಯಾಗುತ್ತದೆ. ಇದು ನೀವು ಮನೆಯಲ್ಲಿ ಕೂತು ನೋಡಿದ ಸೀರಿಯಲ್ ಅಲ್ಲ ಅಂತ ಲಿಂಚ್ ಮೊದಲೇ ಹೇಳಿಬಿಟ್ಟಿದ್ದರು.

ಸೀರಿಯಲ್‌ನಲ್ಲಿ ಲಾರಾ ಏನಾಗಿದ್ದಳು ನೆನಪು ಮಾಡಿಕೊಳ್ಳಿ. ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಹೆಣ, ಫ್ರೇಮ್ ಹಾಕಿದ ಒಂದು ಫೋಟೊ. ಊರೆಲ್ಲ ಅವಳ ಬಗ್ಗೆ ಮಾತಾಡುತ್ತದೆ, ಅವಳು ಮಾತಾಡುವುದು ಮಾತ್ರ ತೀರಾ ಕಡಿಮೆ. ಶೆರಿಲ್ ಲೀ ಅವರನ್ನು ಮೊದಲು ಕರೆದದ್ದೇ ಹೆಣದ ಪಾತ್ರಕ್ಕೆ. ಅದೇ ನಟಿ ಈ ಸಿನಿಮಾದಲ್ಲಿ ಹೆಚ್ಚುಕಡಿಮೆ ಇಡೀ ಕಥೆಯನ್ನು ಒಬ್ಬರೇ ಹೊರುತ್ತಾರೆ. ಅಂಥ ನಟನೆಗೆ ಆಗ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟ.

ಒಂದು ದೃಶ್ಯ ಹೇಳುತ್ತೇನೆ. ರಾತ್ರಿ ಊಟದ ಹೊತ್ತು. ಲಾರಾಳ ಅಪ್ಪ ಲೀಲ್ಯಾಂಡ್ ಮಗಳ ಕೈ ಹಿಡಿದು ನೋಡುತ್ತಾನೆ. ಕೈ ತೊಳೆದಿಲ್ಲ, ಉಗುರಿನಲ್ಲಿ ಕೊಳೆ ಇದೆ ಅಂತ ಶುರುಮಾಡುತ್ತಾನೆ. ಕತ್ತಿನ ಸರ ಹಿಡಿದು ಇದನ್ನು ಯಾರು ಕೊಟ್ಟರು ಅಂತ ಕೇಳುತ್ತಾನೆ. ಕೆನ್ನೆ ಹಿಂಡುತ್ತಾನೆ. ತಾಯಿ ಬೇಡ ಅಂದರೂ ಬಿಡಲ್ಲ. ರಕ್ತ ಇಲ್ಲ, ಭೂತ ಇಲ್ಲ, ಬರೀ ಊಟದ ಮೇಜು. ಅದೇ ರಾತ್ರಿ ಅಳುತ್ತಾ ಅವಳ ರೂಮಿಗೆ ಬಂದು, ನಿನ್ನನ್ನು ತುಂಬಾ ಪ್ರೀತಿಸುತ್ತೇನೆ ಅನ್ನುತ್ತಾನೆ. ಸೀರಿಯಲ್‌ನಲ್ಲಿ ಎಲ್ಲ ತಪ್ಪನ್ನೂ ಲೀಲ್ಯಾಂಡ್ ಮೈಮೇಲೆ ಬರುವ ದುಷ್ಟ ಆತ್ಮ ಬಾಬ್ ತಲೆಗೆ ಕಟ್ಟಿ ಸಮಾಧಾನ ಮಾಡಿಕೊಳ್ಳಬಹುದಿತ್ತು. ಸಿನಿಮಾ ಆ ಸಮಾಧಾನ ಕೊಡಲ್ಲ. ಮಗಳು ಹೆದರುವುದು ತನ್ನ ಅಪ್ಪನಿಗೇ.

ಈಗ 'ಮಿಸ್ಸಿಂಗ್ ಪೀಸಸ್'. ಸಿನಿಮಾದಿಂದ ಕತ್ತರಿಸಿದ ದೃಶ್ಯಗಳನ್ನು ಲಿಂಚ್ ತಾವೇ ಎಡಿಟ್ ಮಾಡಿ, ಸುಮಾರು ಒಂದೂವರೆ ಗಂಟೆಯ ಚಿತ್ರದಂತೆ ಜೋಡಿಸಿ, 2014ರಲ್ಲಿ ಬ್ಲೂ-ರೇ ಸೆಟ್ ಜೊತೆ ಬಿಟ್ಟರು. ಅಂದರೆ 22 ವರ್ಷ ಆದ ಮೇಲೆ. ಸುಮ್ನೆ ಉಳಿದ ಚೂರುಪಾರು ಅಂದುಕೊಳ್ಳಬೇಡಿ.

ಅದರಲ್ಲೂ ಅದೇ ಪಾಮರ್ ಮನೆಯ ಇನ್ನೊಂದು ದೃಶ್ಯ ಇದೆ. ನಾರ್ವೆಯವರು ಊರಿಗೆ ಬರುವವರಿದ್ದಾರೆ. (ಮೊದಲ ಎಪಿಸೋಡ್‌ನಲ್ಲಿ ಕೊಲೆ ಸುದ್ದಿ ಕೇಳಿ ಗಂಟುಮೂಟೆ ಕಟ್ಟಿದರಲ್ವಾ, ಅವರೇ.) ಅವರ ಭಾಷೆಯಲ್ಲಿ ನಮಸ್ಕಾರ ಹೇಳುವುದನ್ನು ಲೀಲ್ಯಾಂಡ್ ಹೆಂಡತಿ, ಮಗಳಿಗೆ ಕಲಿಸುತ್ತಾನೆ. ನಾಲಿಗೆ ಹೊರಳಲ್ಲ. ಮೂವರೂ ಬಿದ್ದು ಬಿದ್ದು ನಗುತ್ತಾರೆ. ಸಿನಿಮಾದ ಒಳಗೇ ಇದ್ದಿದ್ದರೆ ಅದರ ಬಿಗಿ ಸಡಿಲವಾಗುತ್ತಿತ್ತು, ಆದ್ದರಿಂದ ತೆಗೆದದ್ದು ಸರಿ ಅಂತಲೇ ನನ್ನ ಅನಿಸಿಕೆ. ಆದರೆ ಸಿನಿಮಾ ನೋಡಿದ ಮೇಲೆ ಈ ನಗು ಕೇಳಿದರೆ ಕರುಳು ಚುರುಕ್ ಅನ್ನುತ್ತೆ. ಆ ಮನೆಯಲ್ಲಿ ನಗುವೂ ಇತ್ತು, ಲಾರಾ ಅದನ್ನೂ ಕಳೆದುಕೊಂಡಳು.

ಮರದ ಮಿಲ್‌ನಲ್ಲಿ ಪೀಟ್ ಜೊತೆ ಒಬ್ಬ ಮುದುಕ ಹಲಗೆಯ ಅಳತೆ ಬಗ್ಗೆ ಜಗಳ ಆಡುವಂಥ ಹಗುರ ದೃಶ್ಯಗಳೂ ಇವೆ. ಚೆನ್ನಾಗಿವೆ, ಕಥೆಗೆ ಜಾಸ್ತಿ ಬೇಕಿಲ್ಲ.

ಬೇಕಾದದ್ದು ಡೇವಿಡ್ ಬೋವಿ ಮಾಡಿದ ಎಫ್‌ಬಿಐ ಏಜೆಂಟ್ ಫಿಲಿಪ್ ಜೆಫ್ರೀಸ್ ಭಾಗ. ಸಿನಿಮಾದಲ್ಲಿ ಅದು ಚೂರುಚೂರಾಗಿ, ಬೇರೆ ದೃಶ್ಯದ ಜೊತೆ ಕಲಸಿಹೋಗಿದೆ. ಇಲ್ಲಿ ಬಿಡಿಸಿ ಇಟ್ಟಿದ್ದಾರೆ. ಬ್ಯೂನಸ್ ಐರಿಸ್‌ನ ಹೋಟೆಲ್‌ನಲ್ಲಿ ಇದ್ದವನು ಫಿಲಡೆಲ್ಫಿಯಾದ ಎಫ್‌ಬಿಐ ಆಫೀಸಿನ ಲಿಫ್ಟ್‌ನಿಂದ ಹೊರಬರುತ್ತಾನೆ, ಮಾಯವಾಗುತ್ತಾನೆ, ಮತ್ತೆ ಅದೇ ಹೋಟೆಲ್‌ನ ಮೆಟ್ಟಿಲ ಮೇಲೆ ಪ್ರತ್ಯಕ್ಷ. ಗೋಡೆ ಸುಟ್ಟು ಕಪ್ಪಾಗಿರುತ್ತೆ. ಜೂಡಿ ಅನ್ನೋ ಹೆಸರನ್ನು ಅವನ ಬಾಯಲ್ಲಿ ಕೇಳಿ ಇಟ್ಟುಕೊಳ್ಳಿ, 2017ರಲ್ಲಿ ಕೆಲಸಕ್ಕೆ ಬರುತ್ತೆ. ನೀವು ಕಾಯುತ್ತಿರುವ ಕನ್ನಡಿಯ ದೃಶ್ಯದ ಮುಂದಿನ ಕ್ಷಣಗಳೂ ಇಲ್ಲೇ ಇವೆ. ಬಾತ್‌ರೂಮಿನ ಬಾಗಿಲು ತೆರೆಯುತ್ತದೆ. ಆಸ್ಪತ್ರೆಯಲ್ಲಿ ಮಲಗಿರುವ, ಕೂಪರ್ ಪ್ರೀತಿಸಿದ ಆನಿಯ ಬೆರಳಿನ ಉಂಗುರ ಏನಾಯಿತು ಅನ್ನೋದೂ ಸಿಗುತ್ತೆ.

ಎರಡನ್ನೂ ಒಂದೇ ರಾತ್ರಿ ನೋಡಬೇಡಿ. ಸಿನಿಮಾ ನೋಡಿ ನಾಲ್ಕು ದಿನ ಬಿಡಿ, ಆಮೇಲೆ 'ಮಿಸ್ಸಿಂಗ್ ಪೀಸಸ್', ಆಮೇಲೆ 2017ರ 18 ಕಂತು. ಮನೆಯೊಳಗಿನ ದೌರ್ಜನ್ಯ ನೋಡುವುದು ನಿಮಗೆ ಕಷ್ಟವಾದರೆ ಸಿನಿಮಾವನ್ನು ಹಗಲಲ್ಲಿ, ಯಾರಾದರೂ ಜೊತೆಗಿರುವಾಗ ನೋಡಿ. ಮೂರನೇ ಸೀಸನ್‌ನ 17ನೇ ಕಂತಿನಲ್ಲಿ ಈ ಸಿನಿಮಾದ ದೃಶ್ಯಗಳೇ ಮತ್ತೆ ಬರುತ್ತವೆ. ಯಾಕೆ ಅಂತ ಹೇಳಲ್ಲ. ಸಿನಿಮಾ ನೋಡದೆ ಹೋದರೆ ಆ ಕಂತಿನ ತಲೆಬುಡ ತಿಳಿಯಲ್ಲ.