ಹಳೆಯ ಪ್ಲಾಸ್ಟಿಕ್ ರೈಲ್ವೆ ಸ್ಟೇಷನ್ ಮಾಡೆಲ್‌ನ ಬಣ್ಣ ತೆಗೆಯೋಕೆ ಯಾವ ಥಿನ್ನರ್ ಒಳ್ಳೇದು?

ಥಿನ್ನರ್ ಡಬ್ಬಿಯ ಮುಚ್ಚಳ ಇನ್ನೂ ತೆಗೆದಿಲ್ಲ ತಾನೇ? ತೆಗೆಯಬೇಡಿ. ಚಿಕ್ಕಮಗಳೂರಿನ ನಿಮ್ಮ ಮನೆಯಂಗಳದ ಮಾಡೆಲ್ ರೈಲಿಗೆ ಯಾರೋ ಬಳಸಿ ಬಿಟ್ಟ ಜರ್ಮನ್ ಸ್ಟೇಷನ್ ತಂದಿದ್ದೀರಿ, ಅದನ್ನು 'ಹೊಸದರ ಹಾಗೆ' ಮಾಡಬೇಕು ಅಂತೀರಿ. ಆರು ವರ್ಷದ ಹಿಂದೆ ಹಾಸನದ ಒಂದು ಪೇಂಟ್ ಅಂಗಡಿಯಲ್ಲಿ ನಿಂತು ನಾನೂ ಇದನ್ನೇ ಕೇಳಿದ್ದೆ. ಉತ್ತರವೂ ಸಿಕ್ಕಿತ್ತು. ಅದೇ ಗ್ರಹಚಾರ.

ಸಕಲೇಶಪುರದ ಕಡೆ ಒಂದು ಎಸ್ಟೇಟ್ ಮನೆ ಖಾಲಿ ಮಾಡುತ್ತಿದ್ದರು. ಬೀರು, ಮಂಚ ನೋಡೋಕೆ ಅಂತ ಹೋದವನಿಗೆ ಅಟ್ಟದಿಂದ ಇಳಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ಸ್ಟೇಷನ್ ಕಂಡಿತು. ಎರಡಂತಸ್ತು, ಇಟ್ಟಿಗೆ ಗೋಡೆ, ಹೆಂಚಿನ ಮಾಡು, ತುದಿಯಲ್ಲಿ ಚಿಮಣಿ. ಒಳಗೆ ಇಣುಕಿದರೆ ಟಿಕೆಟ್ ಕೌಂಟರಿನ ಮೂಲೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು. ಗೋಡೆಯ ಮೇಲೆ ಹಿಂದಿನವರು ಯಾರೋ ಎಮಲ್ಷನ್ ಬಳಿದು ಇಟ್ಟಿಗೆಯ ಸಂದುಗಳನ್ನೆಲ್ಲ ಅರ್ಧಂಬರ್ಧ ಮುಚ್ಚಿಬಿಟ್ಟಿದ್ದರು. ಸಾವಿರದ ಎಂಟುನೂರು ಕೊಟ್ಟು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ.

ಈ ಹುಚ್ಚು ಯಾಕೆ ಅಂದರೆ, ಈ ಮಾಡೆಲ್‌ಗಳು 1:22.5 ಅಳತೆಯವು, ಅಂದರೆ ನಿಜದ್ದಕ್ಕಿಂತ ಇಪ್ಪತ್ತೆರಡೂವರೆ ಪಟ್ಟು ಚಿಕ್ಕವು, ಎರಡು ಹಳಿಗಳ ನಡುವಿನ ಅಂತರ 45 ಮಿಲಿಮೀಟರ್. ಲೆಕ್ಕ ಹಾಕಿ ನೋಡಿ, ಅದು ಸರಿಸುಮಾರು ಮೀಟರ್ ಗೇಜ್, ಹಳಿಗಳ ನಡುವೆ ಒಂದು ಮೀಟರ್. ನಮ್ಮ ಹಾಸನ-ಮಂಗಳೂರು ಲೈನು 1979ರಲ್ಲಿ ಪೂರ್ತಿಯಾದಾಗ ಮೀಟರ್ ಗೇಜೇ ಇದ್ದದ್ದು. ಬ್ರಾಡ್ ಗೇಜ್ ಮಾಡಲು 1996ರಲ್ಲಿ ಘಾಟಿಯ ರೈಲು ನಿಲ್ಲಿಸಿದರು. ಅದಕ್ಕೆ ಮೊದಲು ಹುಡುಗನಾಗಿದ್ದಾಗ ಆ ರೈಲಿನಲ್ಲಿ ಕಿಟಕಿಗೆ ಮುಖ ಒತ್ತಿಕೊಂಡು ಸುರಂಗ ಎಣಿಸಿದವನು ನಾನು. ಐವತ್ತೇಳು ಇವೆ. ನನಗೆ ಒಂದು ಸಲವೂ ಲೆಕ್ಕ ಸರಿಬರಲಿಲ್ಲ.

ಇರಲಿ, ಥಿನ್ನರಿಗೆ ಬರ್ತೀನಿ. ಅಂಗಡಿಯ ಹುಡುಗ ಎನ್‌ಸಿ ಥಿನ್ನರ್ (ನೈಟ್ರೋಸೆಲ್ಯುಲೋಸ್ ಬಣ್ಣ ತೆಳುಮಾಡೋ ದ್ರವ) ಕೊಟ್ಟು, "ಒಂದೇ ಏಟಿಗೆ ಬಿಟ್ಕೊಳ್ಳುತ್ತೆ ಸರ್" ಅಂದ. ಅವನ ತಪ್ಪಿಲ್ಲ, ನಾನು ಪ್ಲಾಸ್ಟಿಕ್ ಅಂತ ಹೇಳಿರಲಿಲ್ಲ. ಭಾನುವಾರ ಬೆಳಿಗ್ಗೆ ಹಳೇ ಬನಿಯನ್ ಬಟ್ಟೆ ಅದ್ದಿ ಮುಂದಿನ ಗೋಡೆ ಉಜ್ಜಿದೆ. ಬಣ್ಣ ನಿಜಕ್ಕೂ ಬಿಟ್ಟುಕೊಂಡಿತು, ಇಟ್ಟಿಗೆಗಳು ಗರಿಗರಿಯಾಗಿ ಎದ್ದವು. ಖುಷಿಯಲ್ಲಿ ಇನ್ನಷ್ಟು ಸುರಿದೆ. ಕೈಗೆ ಅಂಟಂಟು ಬಂತು. ಬಣ್ಣ ಮೆತ್ತಗಾಗುತ್ತಿದೆ ಅಂದುಕೊಂಡು ಇನ್ನೂ ಜೋರಾಗಿ ಉಜ್ಜಿದೆ. ಮೆತ್ತಗಾಗುತ್ತಿದ್ದದ್ದು ಗೋಡೆ. ಬಟ್ಟೆ ಎತ್ತಿದರೆ ನೂಲು ಗೋಡೆಯಲ್ಲೇ ಹೂತು ನಿಂತಿತ್ತು, ಇಟ್ಟಿಗೆ ಸಾಲು ಮಳೆಗೆ ಸಿಕ್ಕ ಬೆಲ್ಲದಚ್ಚಿನ ಹಾಗೆ ಕರಗಿ ನುಣ್ಣಗಾಗಿತ್ತು. ಬಾಗಿಲ ಪಕ್ಕ ನನ್ನ ಹೆಬ್ಬೆಟ್ಟಿನ ಗುರುತು ಇವತ್ತಿಗೂ ಇದೆ, ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಒತ್ತಿದ ಹಾಗೆ.

ಮೊದಲು ಪರೀಕ್ಷೆ ಮಾಡಲಿಲ್ಲವಾ ಅಂತ ಕೇಳ್ತೀರಿ. ಮಾಡಿದ್ದೆ ಸ್ವಾಮಿ! ಚಿಮಣಿಯ ಬುಡಕ್ಕೆ ಹಚ್ಚಿ ಹತ್ತು ನಿಮಿಷ ಕಾದು, ಉಗುರಿನಿಂದ ಕೆರೆದು, ಏನೂ ಆಗಲಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಗೋಡೆಗೆ ಕೈ ಹಾಕಿದ್ದು. ಸಂಜೆ ನನ್ನ ಹೆಂಡತಿ ಚಿಮಣಿ ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ರೀ, ಇದು ಮರ ಕಣ್ರೀ" ಅಂದಳು. ಮೂಲದ ಚಿಮಣಿ ಯಾವಾಗಲೋ ಮುರಿದಿರಬೇಕು, ಹಿಂದಿನ ಯಜಮಾನ ಮರದ ತುಂಡು ಕೆತ್ತಿ ಕೂರಿಸಿ ಅದೇ ಬಣ್ಣ ಹೊಡೆದಿದ್ದ. ನಾನು ಮರವನ್ನು ಪರೀಕ್ಷೆ ಮಾಡಿ ಪ್ಲಾಸ್ಟಿಕ್ಕಿಗೆ ಪಾಸು ಕೊಟ್ಟಿದ್ದೆ.

ಇದನ್ನೇ ನಾನು ಒತ್ತಿ ಒತ್ತಿ ಹೇಳೋದು. ಸೆಕೆಂಡ್ ಹ್ಯಾಂಡ್ ಕಟ್ಟಡ ಅಂದರೆ ಒಬ್ಬರ ಕೈಕೆಲಸ ಅಲ್ಲ, ಒಂದೇ ವಸ್ತುವಿನದ್ದೂ ಅಲ್ಲ. ಇಂಥ ಕಿಟ್‌ಗಳ ಗೋಡೆ ಸಾಮಾನ್ಯವಾಗಿ ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್. ಟಾಲ್ಯುಯಿನ್, ಅಸಿಟೋನಿನಂಥ ದ್ರಾವಕ ತಗುಲಿದರೆ ಅದು ಕರಗುತ್ತದೆ, ಎನ್‌ಸಿ ಥಿನ್ನರಿನಲ್ಲಿ ಸಾಮಾನ್ಯವಾಗಿ ಇರೋದು ಇಂಥವೇ. ಮಾಡೆಲ್ ಜೋಡಿಸುವ ದ್ರವದ ಅಂಟು ಕೆಲಸ ಮಾಡುವುದೂ ಹೀಗೇ: ಎರಡೂ ಅಂಚನ್ನು ಒಂದು ಹನಿಯಷ್ಟು ಕರಗಿಸಿ ಬೆಸೆದು ಆರಿಹೋಗುತ್ತದೆ. ಹನಿಯಲ್ಲಿ ಆಗಬೇಕಾದ ಕೆಲಸವನ್ನು ನಾನು ಅರ್ಧ ಲೀಟರಿನಲ್ಲಿ ಮಾಡಿದೆ. ಆದ್ದರಿಂದ ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ, ಒಳಮೈಯಲ್ಲಿ, ಕಿವಿಗೆ ಹಾಕುವ ಹತ್ತಿಕಡ್ಡಿಯ ತುದಿಯಷ್ಟೇ ಹಚ್ಚಿ ನೋಡಿ. ಅದಕ್ಕೂ ಮೊದಲು ಟಾರ್ಚ್ ಹಿಡಿದು ಒಳಗಡೆ ನೋಡಿ. ಹೊರಗೆ ಬಣ್ಣ ಒಂದೇ ಇದ್ದರೂ ಒಳಗೆ ಪ್ಲಾಸ್ಟಿಕ್ಕಿನ ಮೂಲ ಬಣ್ಣ ಬೇರೆ ಬೇರೆ ಕಂಡರೆ ಯಾರೋ ತುಂಡು ಬದಲಾಯಿಸಿದ್ದಾರೆ ಅಂತ ಅರ್ಥ. ಬೆರಳಲ್ಲಿ ತಟ್ಟಿ, ಪಾಲಿಸ್ಟೈರೀನ್ ಟಿಣ್ ಅನ್ನುತ್ತದೆ, ಮರ ಟೊಕ್ ಅನ್ನುತ್ತದೆ. ನನ್ನ ಹೆಂಡತಿ ತಟ್ಟಲೂ ಇಲ್ಲ, ತೂಕದಲ್ಲೇ ಕಂಡುಹಿಡಿದಳು.

ಇನ್ನು ನಿಮ್ಮ ಪ್ರಶ್ನೆಯ ಬುಡಕ್ಕೇ ಬರ್ತೀನಿ, ಬೇಜಾರು ಮಾಡ್ಕೋಬೇಡಿ. ಹೊಸದರ ಹಾಗೆ ಯಾಕೆ ಆಗಬೇಕು? ಮೂರು ತಿಂಗಳು ಮಳೆ ಹೊಡೆಯುವ ಊರಲ್ಲಿ ಲಕಲಕ ಹೊಳೆಯುವ ಸ್ಟೇಷನ್ ಇದ್ದರೆ ಬೇಕರಿಯ ಬರ್ತ್‌ಡೇ ಕೇಕ್ ತಂದಿಟ್ಟ ಹಾಗೆ ಕಾಣುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಟೂತ್‌ಬ್ರಶ್, ಅಷ್ಟು ಸಾಕು. ಕುದಿಯುವ ನೀರು ಬೇಡ, ಗೋಡೆ ಸೊಟ್ಟಗಾಗುತ್ತದೆ. ನೆರಳಲ್ಲಿ ಒಣಗಿಸಿ. ಅಷ್ಟಾದ ಮೇಲೂ ಬಣ್ಣ ತೆಗೆಯಲೇಬೇಕು ಅನ್ನಿಸಿದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಅದೂ ಮೇಲೆ ಹೇಳಿದ ಪರೀಕ್ಷೆಯ ನಂತರ. ಹಳೆಯ ಜೋಡಣೆ ಬಿಚ್ಚಬೇಕಿದ್ದರೆ ಚಾಕು ತುರುಕುವ ಮೊದಲು ಒಂದು ರಾತ್ರಿ ಫ್ರೀಜರಿನಲ್ಲಿಡಿ, ಕೆಲವು ಅಂಟು ಚಳಿಗೆ ಪೆಡಸಾಗಿ ಟಪ್ ಅಂತ ಬಿಡುತ್ತದೆ. ಕಿಟಕಿ ಗಾಜಿಗೆ ಸೂಪರ್ ಗ್ಲೂ ಹಾಕಬೇಡಿ, ಬಿಳಿ ಮಂಜು ಕೂತರೆ ಮತ್ತೆ ತಿಳಿಯಾಗೋದು ಕಷ್ಟ. ಒಳಗೆ ಹಳೇ ಬಲ್ಬ್ ಇದ್ದರೆ ಎಲ್‌ಇಡಿ ಹಾಕಿ.

ನನ್ನ ಕರಗಿದ ಗೋಡೆಯ ಕಥೆ? ಬ್ಲೇಡಿನಲ್ಲಿ ಇಟ್ಟಿಗೆ ಗೆರೆ ಕೊರೆಯಲು ಹೋಗಿ ಎರಡು ಸಾಲಿಗೇ ಕಣ್ಣು ಮಂಜಾಯಿತು. ಕೊನೆಗೆ ಗುಂಡಿಗಳಿಗೆ ಎಂ-ಸೀಲ್ ತುಂಬಿ, ಜರಡಿ ಹಿಡಿದ ಮರಳನ್ನು ಹಸಿ ಎಮಲ್ಷನ್ ಮೇಲೆ ಉದುರಿಸಿ, ಗಾರೆ ಮಾಡಿ ಸುಣ್ಣ ಹೊಡೆದ ಗೋಡೆ ಅನ್ನಿಸುವ ಹಾಗೆ ಮಾಡಿದೆ. ಮಾಡಿಗೆ ಮಂಗಳೂರು ಹೆಂಚಿನ ಕೆಂಪು. ಜರ್ಮನ್ ಕಟ್ಟಡಕ್ಕೆ ಮಂಗಳೂರು ಹೆಂಚಾ ಅಂತ ಸ್ನೇಹಿತರು ನಕ್ಕರು. ಮಂಗಳೂರಿನಲ್ಲಿ 1865ರಲ್ಲಿ ಆ ಹೆಂಚಿನ ಕಾರ್ಖಾನೆ ಶುರುಮಾಡಿದ್ದು ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬ ಜರ್ಮನ್ನರೇ ಅಂತ ಹೇಳಿದ ಮೇಲೆ ಸುಮ್ಮನಾದರು. ಮೇಲೆ ಬಿಸಿಲು ತಡೆಯುವ ಮ್ಯಾಟ್ ಕ್ಲಿಯರ್ ಕೋಟ್ ಹೊಡೆದೆ. ಅದಿಲ್ಲದಿದ್ದರೆ ಬಿಸಿಲಿಗೆ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ.

ನೆಲದ ಮೇಲೆ ನೇರ ಕೂರಿಸಬೇಡಿ. ಜಲ್ಲಿ ಹಾಸಿ ಅದರ ಮೇಲೆ ಕಡಪ ಕಲ್ಲಿನ ತುಂಡು, ಅದರ ಮೇಲೆ ಸ್ಟೇಷನ್. ಇಲ್ಲದಿದ್ದರೆ ಮೊದಲ ಮಳೆಗೇ ಕೆಮ್ಮಣ್ಣು ಸಿಡಿದು ಗೋಡೆಯ ಮೊಣಕಾಲವರೆಗೆ ಕೆಂಪು. ಜೂನ್ ಬಂತೆಂದರೆ ನಾನು ಒಳಗೆ ತಂದಿಡ್ತೀನಿ, ನೀವೂ ಹಾಗೇ ಮಾಡಿ.

ಈಗ ಅದಕ್ಕೆ ಹಳದಿ ಬೋರ್ಡು, ಕಪ್ಪು ಅಕ್ಷರದಲ್ಲಿ 'ಕಡಗರವಳ್ಳಿ', ಅದೇ ಘಾಟಿಯ ಒಂದು ಸ್ಟೇಷನ್ನಿನ ಹೆಸರು. ಹೆಬ್ಬೆಟ್ಟಿನ ಪಕ್ಕದಲ್ಲೇ ಒಂದು ಪುಟ್ಟ ಬೆಂಚು ಇಟ್ಟಿದ್ದೀನಿ, ಮುಚ್ಚಿಲ್ಲ. ಥಿನ್ನರಿಗೂ ಜಗ್ಗದ ಚಿಮಣಿ ಮಾಡಿನ ತುದಿಯಲ್ಲಿ ಹಾಗೇ ನಿಂತಿದೆ. ಘಾಟಿ ಸ್ಟೇಷನ್ನಿಗೆ ಚಿಮಣಿ ಎಲ್ಲಿತ್ರೀ ಅಂತ ನನ್ನ ಹೆಂಡತಿ ಈಗಲೂ ಕೇಳ್ತಾಳೆ.